ಸ್ಕೂಲ್ ಮೈದಾನಕ್ಕೆ ಸೈನೈಡ್ ದಿಬ್ಬದ ಮಣ್ಣು ತಂದು ಸುರಿದವ್ರೆ, ಏನ್ ಮಾಡೋದು?

ಬೇತಮಂಗಲದಕ್ಕ:
ಎಲ್ರಿಗೂ ನಮಸ್ಕಾರ. ನಮ್ಮೂರು ಕೆಜಿಎಫ್‌ಗೆ ಹತ್ರ, ಊರ ಹೆಸರು ಈಗ ಬೇಡ. ನಾನು ಸರ್ಕಾರಿ ಸ್ಕೂಲಿನ ಎಸ್‌ಡಿಎಂಸಿ, ಅಂದ್ರೆ ಶಾಲೆ ಉಸ್ತುವಾರಿ ಸಮಿತಿಲಿ ಇದೀನಿ, ಮಗ ನಾಲ್ಕನೇ ಕ್ಲಾಸು. ಮಳೆ ಬಂದ್ರೆ ಮೈದಾನದಲ್ಲಿ ನೀರು ನಿಲ್ತದೆ ಅಂತ ಎರಡು ವರ್ಷದಿಂದ ಅವರಿವರನ್ನ ಕೇಳ್ಕೊಂಡಿದ್ದಕ್ಕೆ ಹೋದ ಗುರುವಾರ ಮೂರು ಟ್ರ್ಯಾಕ್ಟರ್ ಲೋಡು ಮಣ್ಣು ಬಂದು ಬಿತ್ತು. ಕಂಟ್ರಾಕ್ಟರು ದುಡ್ಡು ಬೇಡ ಫ್ರೀಯಾಗಿ ಹಾಕ್ಸಿಕೊಡ್ತೀನಿ ಅಂದಿದ್ದ, ನಾವೂ ಖುಷಿಲಿ ಹೂಂ ಅಂದ್ವಿ. ಬಂದ್ಮೇಲೆ ನೋಡಿದ್ರೆ ಕೆಮ್ಮಣ್ಣಲ್ಲ, ಗ್ರಾವೆಲ್ಲೂ ಅಲ್ಲ. ಬೂದಿ ಬಣ್ಣ, ಮುಟ್ಟಿದ್ರೆ ಮುಖಕ್ಕೆ ಹಾಕೋ ಪೌಡರ್ ಥರ ನುಣ್ಣಗೈತೆ, ಅಲ್ಲಲ್ಲಿ ಹಳದಿ ಹೆಪ್ಪು ಕಟ್ಟೈತೆ. ಹುಡುಗ್ರು ಬ್ಯಾಗ್ ಎಸೆದು ಅದ್ರ ಮೇಲೆ ಜಾರಾಟ ಶುರು ಹಚ್ಕೊಂಡವ್ರೆ. ನನ್ ಮಗ ಮನೆಗ್ ಬಂದಾಗ ಕಣ್ರೆಪ್ಪೆ ಮೇಲೆಲ್ಲ ಬೆಳ್ಳಗೆ. ನಮ್ಮತ್ತೆ ನೋಡಿದೇಟ್ಗೆ "ಇದು ದಿಬ್ಬದ ಮಣ್ಣಲ್ವೇನೇ" ಅಂದ್ರು, ಚಿನ್ನದ ಗಣಿಯವ್ರು ಬಿಟ್ಟೋದ ಸೈನೈಡ್ ಗುಡ್ಡದ್ದು ಅಂತ. ಎಚ್ಎಂ ಕೇಳಿದ್ರೆ ಏನೂ ಆಗಲ್ಲಮ್ಮ ಅಂತಾರೆ. ನಿಜವಾಗ್ಲೂ ಏನೂ ಆಗಲ್ವಾ?

ರಾಬರ್ಟ್‌ಸನ್‌ಪೇಟೆ ಗುರು:
ಅಕ್ಕಾ ಫ್ರೀಯಾಗಿ ಚಿನ್ನ ಬಂದೈತೆ ಸುಮ್ನೆ ಇಟ್ಕೊಳ್ಳಿ 😄 ಟನ್ನಿಗೆ ಒಂದ್ ಗ್ರಾಂ ಆಚೀಚೆ ಇರ್ತದೆ ಅಂತಾರೆ. ಮೂರು ಲೋಡಿಗೆ ಮಗಳ ಮದ್ವೆಗೆ ಒಂದು ಮೂಗುಬೊಟ್ಟಾದ್ರೂ ಆಗ್ತದೆ.

ಮಾರಿಕುಪ್ಪಂ ಲೋಕಲ್:
ಗುರು ಜೋಕ್ ಸಾಕು, ಮಕ್ಕಳ ವಿಷ್ಯ.
ಅಕ್ಕ, ನಮ್ಮಪ್ಪ ಚಾಂಪಿಯನ್ ರೀಫ್ ಮಿಲ್ಲಲ್ಲಿ ಇಪ್ಪತ್ತಾರು ವರ್ಷ ಕೆಲ್ಸ ಮಾಡಿದ್ದು. ಆ ಮಣ್ಣು ಮಣ್ಣೇ ಅಲ್ಲ ಅನ್ನೋದನ್ನ ಮೊದ್ಲು ತಿಳ್ಕೊಳ್ಳಿ. ನೆಲದೊಳಗೆ ಮೂರು ಕಿಲೋಮೀಟರ್‌ಗಿಂತ ಆಳದಿಂದ ಬಂಡೆ ಒಡೆದು ಮೇಲೆ ತಂದು ಅದನ್ನ ಮಿಲ್ಲಲ್ಲಿ ಕುಟ್ಟಿ ಅರೆದು ಹಿಟ್ಟು ಮಾಡಿ ಸೈನೈಡ್ ನೀರಲ್ಲಿ ಕಲಸಿ ಚಿನ್ನ ಎಳ್ಕೊಂಡ್ಮೇಲೆ ಉಳಿದ ಕೆಸರನ್ನ ಪೈಪಲ್ಲಿ ತಂದು ಬಯಲಲ್ಲಿ ಬಿಡ್ತಿದ್ರು. ನೂರು ವರ್ಷ ಬಿಟ್ಟು ಬಿಟ್ಟು ಅದೇ ಗುಡ್ಡ ಆಯ್ತು. ಹಂಗಾಗಿ ಅದು ಅರೆದ ಬಂಡೆ. ನಮ್ ಕಡೆ ಆಷಾಢದ ಗಾಳಿ ಶುರುವಾದ್ರೆ ಅಮ್ಮ ಹಳೇ ಸೀರೆ ನೆನೆಸಿ ಕಿಟಕಿಗೆ ಕಟ್ಟೋರು, ಆದ್ರೂ ಅನ್ನದ ತಟ್ಟೇಲಿ ಕರಕರ ಅಂತಿತ್ತು. ಬಟ್ಟೆ ಒಣಗಾಕಿದ್ರೆ ಸಾಯಂಕಾಲ ಕೊಡವಿದಾಗ ಬೂದಿ. ಈಗ್ಲೂ ಅಷ್ಟೇ, ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಗಾಳಿ ಮುಚ್ಚಿಲ್ವಲ್ಲ.

ಸುಮ್ನಿರಪ್ಪ:
ಸೈನೈಡ್ ಎಲ್ಲಾ ಯಾವಾಗ್ಲೋ ಹಾರಿ ಹೋಗೈತೆ ಸ್ವಾಮಿ. ಇಪ್ಪತ್ತು ವರ್ಷದ ಮೇಲಾಯ್ತು ಮಿಲ್ ನಿಂತು. ಸಿನಿಮಾದವ್ರು ಬಂದು ಆ ಗುಡ್ಡದ ಮೇಲೆ ತಿಂಗಳುಗಟ್ಲೆ ಶೂಟಿಂಗ್ ಮಾಡಿದ್ರು, ಈಗ ಭಾನುವಾರ ಬಂತಂದ್ರೆ ಬೆಂಗಳೂರಿಂದ ಬೈಕಲ್ಲಿ ಬಂದು ರೀಲ್ಸ್ ಮಾಡ್ತಾರೆ, ಯಾರೂ ಸತ್ತಿಲ್ಲ. ನಾನೂ ಚಿಕ್ಕವನಿದ್ದಾಗ ತಗಡು ಇಟ್ಕೊಂಡು ಜಾರಿದೀನಿ. ಎಲ್ಲದಕ್ಕೂ ಭಯ ಪಡ್ಸೋದು ಒಂದು ಚಟ ಆಗೋಗಿದೆ ಈ ಗ್ರೂಪಲ್ಲಿ.

ಕೆಮಿಸ್ಟ್ರಿ ಲೆಕ್ಚರರ್ ಬಂಗಾರಪೇಟೆ:
ಮೇಲಿನವರ ಮಾತಲ್ಲಿ ಅರ್ಧ ನಿಜ ಇದೆ, ಆ ಅರ್ಧವೇ ತೊಂದರೆ ಮಾಡೋದು. ಬಿಡಿಯಾಗಿರೋ ಸೈನೈಡ್ ಬಿಸಿಲು, ಗಾಳಿ, ಮಳೆಗೆ ಒಡೆದು ಹೋಗುತ್ತೆ, ಇಷ್ಟು ವರ್ಷ ಮೇಲ್ಪದರದಲ್ಲಿ ಹಾಗೇ ಕೂತಿರಲ್ಲ. ಆಳದಲ್ಲಿ ಲೋಹಗಳ ಜೊತೆ ಗಟ್ಟಿಯಾಗಿ ಸೇರ್ಕೊಂಡಿರೋದು ಬೇರೆ ಮಾತು. ಆದ್ರೆ ಜನ "ಸೈನೈಡ್" ಅನ್ನೋ ಒಂದು ಹೆಸರು ಹಿಡ್ಕೊಂಡು, ಅದು ಇಲ್ಲ ಅಂದ ತಕ್ಷಣ ಎಲ್ಲಾ ಸೇಫ್ ಅಂದ್ಕೊಂಡುಬಿಡ್ತಾರೆ. ನನಗೆ ಭಯ ಇರೋದು ಬೇರೆ ಎರಡರ ಮೇಲೆ. ಒಂದು ಸಿಲಿಕಾ ಧೂಳು. ಕೋಲಾರದ ಚಿನ್ನ ಇದ್ದಿದ್ದೇ ಬೆಣಚುಕಲ್ಲಿನ ಪಟ್ಟಿಗಳಲ್ಲಿ, ಅದನ್ನ ಹಿಟ್ಟು ಮಾಡಿದ್ದಾರೆ. ಹತ್ತು ಮೈಕ್ರಾನ್, ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣ ಮೂಗು ದಾಟಿ ಒಳಗೆ ಹೋಗಬಹುದು, ಅದರಲ್ಲೂ ತೀರಾ ಸಣ್ಣದು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಉಳ್ಕೊಳ್ಳುತ್ತೆ. ಎರಡನೇದು, ಆ ಅದಿರಲ್ಲಿ ಗಂಧಕದ ಖನಿಜಗಳಿದ್ದವು, ಆರ್ಸೆನಿಕ್ ಇರೋ ಖನಿಜವೂ ಸೇರಿ. ಗಾಳಿ ನೀರು ಸೋಕಿದಾಗ ಅದು ನಿಧಾನಕ್ಕೆ ಆಸಿಡ್ ಬಿಡುತ್ತೆ, ಆ ಆಸಿಡ್ಡು ಲೋಹಗಳನ್ನ ಕರಗಿಸ್ಕೊಂಡು ಹರಿಯುತ್ತೆ. ಬೇತಮಂಗಲದಕ್ಕ ಹೇಳಿದ್ರಲ್ಲ ಹಳದಿ ಹೆಪ್ಪು ಅಂತ, ನನಗೆ ಅನುಮಾನ ಇರೋದು ಅದರ ಮೇಲೇನೇ.

ದಯವಿಟ್ಟು ಯಾರೂ ಮನೇಲಿ ಅದಕ್ಕೆ ನಿಂಬೆರಸ, ಟಾಯ್ಲೆಟ್ ಆಸಿಡ್ ಹಾಕಿ ಟೆಸ್ಟ್ ಮಾಡೋಕೆ ಹೋಗಬೇಡಿ. ಸೈನೈಡ್ ಒಂಚೂರು ಉಳಿದಿದ್ರೂ ಆಸಿಡ್ ಬಿದ್ರೆ ಗ್ಯಾಸ್ ಆಗಿ ಏಳುತ್ತೆ.

ಮಾರಿಕುಪ್ಪಂ ಲೋಕಲ್:
ಸಿಲಿಕಾ ಅಂದ್ರಲ್ಲ ಸಾರ್, ನಮ್ ಕಾಲೋನಿಲಿ ಅದಕ್ಕೆ ಬೇರೆ ಹೆಸರೇ ಬೇಡ, ಗಣಿ ಕೆಮ್ಮು ಅಂದ್ರೆ ಸಾಕು. 1940ರಿಂದ 46ರ ಒಳಗೆ ಇಲ್ಲೇ 7,653 ಜನ ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಜಾಸ್ತಿ ಜನಕ್ಕೆ ಸಿಲಿಕೋಸಿಸ್ ಇತ್ತು, ಅದೇ ಸಿಲಿಕಾ ಧೂಳಿಂದ ಬರೋ ಶ್ವಾಸಕೋಶದ ಖಾಯಿಲೆ. ಬ್ರಿಟಿಷರ ಕಾಲದಲ್ಲೇ ಗೊತ್ತಿದ್ದ ವಿಷ್ಯ ಇದು. ಅಪ್ಪ ರಿಟೈರ್ ಆದ್ಮೇಲೆ ಒಂದು ದಿನಾನೂ ಮಲಗಿ ನಿದ್ದೆ ಮಾಡ್ಲಿಲ್ಲ, ಗೋಡೆಗೆ ದಿಂಬು ಇಟ್ಟು ಕೂತ್ಕೊಂಡೇ. "ಸುಮ್ನಿರಪ್ಪ" ಅವ್ರೇ, ರೀಲ್ಸ್ ಮಾಡ್ದೋರು ಯಾರೂ ಸತ್ತಿಲ್ಲ ಅಂದ್ರಿ, ಇದು ಅವತ್ತೇ ಸಾಯಿಸೋ ಖಾಯಿಲೆ ಅಲ್ಲ.

ಸುಮ್ನಿರಪ್ಪ:
ಅಣ್ಣಾ ಅವ್ರು ಎಂಟು ಗಂಟೆ ಮಿಲ್ಲಲ್ಲಿ ನಿಂತು ಕುಡಿದಿದ್ದು ಧೂಳು, ಇವ್ರು ಹತ್ತು ನಿಮಿಷ ಇಂಟರ್ವಲ್‌ನಲ್ಲಿ ಆಡೋದು. ಎರಡೂ ಒಂದೇನಾ? ಅಪ್ಪಾಜಿ ಬಗ್ಗೆ ಬೇಜಾರಿದೆ, ಅದು ಬೇರೆ.

ಕೆಮಿಸ್ಟ್ರಿ ಲೆಕ್ಚರರ್ ಬಂಗಾರಪೇಟೆ:
ಒಂದೇ ಅಲ್ಲ, ಒಪ್ತೀನಿ. ಹತ್ತು ನಿಮಿಷ ಜಾರಿದ್ರೆ ಸಿಲಿಕೋಸಿಸ್ ಬರುತ್ತೆ ಅಂತ ನಾನೂ ಹೇಳ್ತಿಲ್ಲ. ಆದ್ರೆ ಮಿಲ್ಲಿಂದ ಕಾರ್ಮಿಕ ಮನೆಗೆ ಬರ್ತಿದ್ದ, ಮೈದಾನ ಎಲ್ಲಿಗೂ ಹೋಗಲ್ಲ. ಒಂದನೇ ಕ್ಲಾಸಿಂದ ಏಳನೇ ಕ್ಲಾಸಿನ ತನಕ ಅದೇ ಮಗು ಅದೇ ನೆಲದ ಮೇಲೆ ಓಡಾಡುತ್ತೆ, ಪ್ರೇಯರ್‌ಗೆ ನಿಲ್ಲುತ್ತೆ, ಪಕ್ಕದಲ್ಲೇ ಬಿಸಿಯೂಟ. ಮಕ್ಕಳ ಎತ್ತರವೂ ಕಮ್ಮಿ, ಧೂಳು ಇರೋ ಎತ್ತರದಲ್ಲೇ ಉಸಿರಾಡ್ತಾರೆ.

ಗಾರೆ ಮೇಸ್ತ್ರಿ:
ನಾನು ಓದಿರೋದು ಏಳನೇ ಕ್ಲಾಸು, ಆದ್ರೆ ಈ ಮಣ್ಣಿನ ಜೊತೆ ಸಂಸಾರ ಮಾಡಿದೀನಿ. ಮರಳಿಗೆ ರೇಟ್ ಏರಿದ ಟೈಮಲ್ಲಿ ಎಷ್ಟೋ ಜನ ರಾತ್ರಿ ಹೊತ್ತು ದಿಬ್ಬದಿಂದ ಹೊಡೆದು ತಂದು ಪ್ಲಾಸ್ಟರಿಂಗ್‌ಗೆ ಕಲಸ್ತಿದ್ರು, ನಾನೂ ಕಲಸಿದೀನಿ ಸುಳ್ಳು ಯಾಕೆ ಹೇಳ್ಲಿ. ಹಾಕಿದಾಗ ಬೆಣ್ಣೆ ಥರ ಬರ್ತದೆ, ಕರಣೆಗೆ ಅಂಟ್ದೆ ಸರಸರ ಅಂತ ಜಾರ್ತದೆ, ಓನರ್ರೂ ಖುಷಿ. ಎರಡು ಮಳೆಗಾಲ ಕಳೀಲಿ ಅವಾಗ ನೋಡಿ ಮಜಾ. ಗೋಡೆ ಉಪ್ಪು ಬಿಡ್ತದೆ, ಪ್ಲಾಸ್ಟರ್ ಹಪ್ಪಳ ಎದ್ದಂಗೆ ಏಳ್ತದೆ, ಬೆರಳಲ್ಲಿ ತಳ್ಳಿದ್ರೆ ಉದುರ್ತದೆ. ಒಬ್ಬರ ಮನೇಲಿ ಮೂರು ಸಲ ಬಣ್ಣ ಹೊಡೆದ್ರೂ ನಿಲ್ಲಲಿಲ್ಲ, ಕೊನೆಗೆ ನಾನೇ ಕೂಲಿ ಬಿಟ್ಟು ಕೆತ್ತಿ ಹಾಕಿ ಮತ್ತೆ ಮಾಡ್ಕೊಟ್ಟೆ. ಅವತ್ತಿಂದ ಮುಟ್ಟಿಲ್ಲ.

ಹಳೇ ಪೇಪರ್ ಓದೋನು:
ಮೇಸ್ತ್ರಿಗಳೇ ನೀವು ಹೇಳಿದ್ದು ಸರಿ, ಆದ್ರೆ ಅದೇ ಮಣ್ಣಲ್ಲಿ ಒಳ್ಳೇ ಇಟ್ಟಿಗೆ ಆಗ್ತದೆ ಅನ್ನೋದೂ ನಿಜ. ಕೆಜಿಎಫ್‌ನಲ್ಲೇ ಇದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ, ಎನ್‌ಐಆರ್‌ಎಂ ಅಂತೀವಲ್ಲ, ಅಲ್ಲಿನ ವಿಜ್ಞಾನಿಗಳು ಇದೇ ಮಿಲ್ ಮಣ್ಣು ತಗೊಂಡು ಇಟ್ಟಿಗೆ ಮಾಡಿ ನೋಡಿ 2007ರಲ್ಲಿ ಸಂಶೋಧನಾ ಲೇಖನ ಬರೆದವ್ರೆ. ಮೂರು ಥರ ಮಾಡಿದ್ರು: ಸಿಮೆಂಟ್ ಜೊತೆ, ಎರೆಮಣ್ಣಿನ ಜೊತೆ, ಕೆಂಪು ಮಣ್ಣಿನ ಜೊತೆ. ಸಿಮೆಂಟ್ ಇಟ್ಟಿಗೆ ಗಟ್ಟಿ ಬರ್ಬೇಕು ಅಂದ್ರೆ ನೂರಕ್ಕೆ ಇಪ್ಪತ್ತು ಭಾಗ ಸಿಮೆಂಟ್ ಹಾಕಿ ಹದಿನಾಲ್ಕು ದಿನ ನೀರು ಕುಡಿಸ್ಬೇಕು. ಅಷ್ಟು ಸಿಮೆಂಟ್ ಹಾಕಿದ್ರೆ ರೇಟ್ ಎಲ್ಲಿಗ್ ಹೋಯ್ತದೆ ನೀವೇ ಲೆಕ್ಕ ಹಾಕಿ. ಮಣ್ಣಿನ ಜೊತೆ ಕಲಸಿ ಸುಟ್ಟಿದ್ದು ಅದಕ್ಕಿಂತ ತುಂಬಾ ಅಗ್ಗ ಬಿತ್ತು ಅಂತ ಬರೆದಿದ್ರು.

ನನಗೆ ಬೇಜಾರು ಏನಂದ್ರೆ, ಶೋಧನೆ ಮಾಡಿದ ಸಂಸ್ಥೆ ಇದೇ ಊರಲ್ಲಿತ್ತು, ಮಣ್ಣು ಇದೇ ಊರಲ್ಲೈತೆ, ಮಾಲೂರು ಕಡೆ ಇಟ್ಟಿಗೆ ಗೂಡು ಬೇಕಾದಷ್ಟೈತೆ, ಅವ್ರು ಕೆರೆ ಅಂಗಳದ ಮಣ್ಣಿಗೆ ಹೊಡೆದಾಡ್ತಾರೆ. ಆದ್ರೂ ಆ ಲೇಖನದಿಂದ ಗೂಡಿನ ತನಕ ಒಂದು ಟ್ರ್ಯಾಕ್ಟರ್ ಹೋಗ್ಲಿಲ್ಲ. ಟ್ರ್ಯಾಕ್ಟರ್ ಹೋಗಿದ್ದು ಸ್ಕೂಲಿಗೆ.

ಗಾರೆ ಮೇಸ್ತ್ರಿ:
ಸುಟ್ರೆ ಬೇರೆ ಬಿಡಿ ಸಾರ್. ಗೂಡಲ್ಲಿ ಸುಟ್ಟಾಗ ಅದು ಕಲ್ಲಾಗ್ತದೆ, ಧೂಳು ಏಳಲ್ಲ. ನಾವು ಹಸೀಲಿ ಕಲಸಿದ್ದೇ ತಪ್ಪಾಗಿದ್ದು.

ಸಿವಿಲ್ ಹುಡ್ಗಿ ಕೋಲಾರ:
ನಾನು ಬಿಇ ಸಿವಿಲ್ ಮುಗ್ಸಿ ಈಗ ಕ್ವಾಲಿಟಿ ಲ್ಯಾಬಲ್ಲಿ ಇದೀನಿ, ಒಂದ್ ಮಾತು ಸೇರಿಸ್ತೀನಿ. ಕಾಂಕ್ರೀಟ್ ಮರಳು ಜಲ್ಲಿಗೆ ಐಎಸ್ 383 ಅಂತ ಮಾನದಂಡ ಐತೆ, ಅದನ್ನ 2016ರಲ್ಲಿ ಬದಲಾಯಿಸಿ ಸ್ಟೀಲ್ ಕಾರ್ಖಾನೆ ಸ್ಲ್ಯಾಗ್ (ಲೋಹ ಕರಗಿಸಿದಾಗ ಉಳಿಯೋ ಕಿಟ್ಟ), ತಾಮ್ರದ ಸ್ಲ್ಯಾಗ್, ಒಡೆದ ಹಳೇ ಕಾಂಕ್ರೀಟ್ ಇವನ್ನೂ ಮಿತಿ ಹಾಕಿ ಬಳಸ್ಬೋದು ಅಂತ ಸೇರ್ಸಿದ್ರು. ಅಂದ್ರೆ ವೇಸ್ಟ್ ಬಳಸೋದು ಅಪರಾಧ ಅಲ್ಲ, ಸರ್ಕಾರನೇ ಬಳಸಿ ಅಂತೈತೆ. ಆದ್ರೆ ಎಷ್ಟು, ಎಲ್ಲಿ, ಯಾವ ಟೆಸ್ಟ್ ಆದ್ಮೇಲೆ ಅಂತ ಬರ್ದಿರ್ತದೆ. ನಮ್ ಲ್ಯಾಬಿಗೆ ಬರೋ ಇಟ್ಟಿಗೆಗೆ ಒತ್ತಡ ತಡೆಯೋ ಟೆಸ್ಟ್ ಮಾಡ್ತೀವಿ, ನೀರು ಎಷ್ಟು ಹೀರ್ತದೆ ನೋಡ್ತೀವಿ, ಪಾಸ್ ಅಂತ ಸೀಲ್ ಹೊಡಿತೀವಿ. ಆ ಇಟ್ಟಿಗೆನ ನೀರಲ್ಲಿ ನೆನೆಸಿದ್ರೆ ಏನ್ ಬಿಡ್ತದೆ ಅಂತ ಕೇಳ್ಕೊಂಡು ನಾನು ಕೆಲ್ಸಕ್ ಸೇರಿದ್ಮೇಲೆ ಒಬ್ರೂ ಬಂದಿಲ್ಲ. ಗಟ್ಟಿ ಇದ್ರೆ ಸಾಕು ಅಂತ. ಗಣಿ ಮಣ್ಣಿಗೆ ನೆನೆಸಿದಾಗ ಏನ್ ಬಿಡ್ತದೆ ಅನ್ನೋ ಆ ಟೆಸ್ಟೇ ಮುಖ್ಯ. ಕುಡಿಯೋ ನೀರಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರ್ದು, ಸೈನೈಡ್ 0.05. ಎಷ್ಟು ಸಣ್ಣ ಲೆಕ್ಕ ನೋಡಿ, ಕಣ್ಣಲ್ಲಿ ನೋಡಿ ಚೆನ್ನಾಗೈತೆ ಅನ್ನೋಕಾಗಲ್ಲ. ಅಕ್ಕ, ನಿಮ್ ಸ್ಕೂಲಲ್ಲಿ ಬೋರ್ ಇದ್ಯಾ? ಮಣ್ಣು ಹಾಕಿರೋ ಜಾಗಕ್ಕೆ ಎಷ್ಟು ದೂರ?

ಬೇತಮಂಗಲದಕ್ಕ:
ಬೋರ್ ಐತೆ ಕಣಮ್ಮ, ಇಪ್ಪತ್ತು ಹೆಜ್ಜೆನೂ ಇಲ್ಲ. ಬಿಸಿಯೂಟಕ್ಕೂ ಅದೇ ನೀರು. ಈಗ ನನ್ ಕೈ ಕಾಲು ಆಡ್ತಿಲ್ಲ.

ಸಿವಿಲ್ ಹುಡ್ಗಿ ಕೋಲಾರ:
ಗಾಬರಿ ಆಗ್ಬೇಡಿ, ನಾಲ್ಕೈದು ದಿನಕ್ಕೆ ಬೋರಿಗೆ ಇಳಿಯಲ್ಲ. ಮಳೆ ಬರೋಕ್ ಮುಂಚೆ ಎತ್ತಿಸ್ಬೇಕು ಅಷ್ಟೇ. ಅಲ್ಲಿ ತನಕ ಒಣಗೋಕ್ ಬಿಡ್ಬೇಡಿ, ಮೇಲೆ ಟಾರ್ಪಾಲು ಹಾಕಿ ಅಂಚಿಗೆ ಕಲ್ಲು ಇಡಿ. ಪೊರಕೆ ಹಿಡಿದು ಗುಡಿಸೋದು ಮಾತ್ರ ಬೇಡ.

ನರಸಾಪುರ ಟೊಮೇಟೊ:
ನಾನು ರೈತ, ಗಣಿ ವಿಷ್ಯ ಗೊತ್ತಿಲ್ಲ, ಆದ್ರೂ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಈ ಜಿಲ್ಲೆಗೆ ಬರೋದೆಲ್ಲ ಇನ್ನೊಬ್ರು ಬಳಸಿ ಬಿಟ್ಟಿದ್ದೇ ಕಣಣ್ಣ. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಟ್ಟ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ನಾವು ಪೂಜೆ ಮಾಡಿದ್ವಿ, ಜನ ನೀರು ನೋಡೋಕೆ ಸಂಸಾರ ಸಮೇತ ಬಂದಿದ್ರು, ಯಾಕಂದ್ರೆ ನನ್ ಮಕ್ಕಳು ಆ ಕೆರೆ ತುಂಬಿದ್ದು ಕಂಡಿದ್ದೇ ಇಲ್ಲ. ಒಂದು ತಿಂಗಳಲ್ಲಿ ಜುಲೈಗೆ ನೊರೆ. ಹತ್ತಿ ಅರಳೆ ಥರ ಬೆಳ್ಳಗೆ ರಾಶಿ ರಾಶಿ. ಹೈಕೋರ್ಟ್ ತಡೆ ಕೊಡ್ತು, ಆಮೇಲೆ ಮತ್ತೆ ಬಿಟ್ರು, ಸುಪ್ರೀಂ ಕೋರ್ಟ್ ತನಕ ಹೋಯ್ತು. ಒಂದು ಕಡೆ ಐಐಎಸ್‌ಸಿ ವರದಿ ಅಂತಾರೆ, ಇನ್ನೊಂದು ಕಡೆ ಎರಡನೇ ಹಂತಕ್ಕೆ ನಿಲ್ಸಿದ್ದೀರ ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಹೋರಾಟ. ಮಧ್ಯ ನಾವು. ಒಂದು ನಿಜ ಹೇಳ್ತೀನಿ, ಬತ್ತಿದ್ದ ಬೋರಲ್ಲಿ ನೀರು ಬಂದೈತೆ, ಅದನ್ನ ಇಲ್ಲ ಅಂದ್ರೆ ನಾಲಿಗೆ ಬಿದ್ದೋಯ್ತದೆ. ಟೊಮೇಟೊನೂ ಬಂದೈತೆ. ಆದ್ರೆ ಆ ನೀರು ನಾನು ಕುಡಿಯಲ್ಲ, ಕ್ಯಾನ್ ತರಿಸ್ತೀನಿ. ವೇಸ್ಟು ಬೇಡ ಅನ್ನೋ ಸ್ಥಿತಿಲಿ ನಾವಿಲ್ಲ, ಟೆಸ್ಟ್ ಮಾಡಿದ ಪೇಪರ್ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಿ ಅಂತ ಕೇಳ್ತಿದೀವಿ ಅಷ್ಟೆ.

ರಾಬರ್ಟ್‌ಸನ್‌ಪೇಟೆ ಗುರು:
ಟೊಮೇಟೊ ಅಣ್ಣ ಸೂಪರ್. ನಿಮ್ಮ ಕೆರೆ ನೀರಿನ ಮೇಲಾದ್ರೂ ಕೋರ್ಟಲ್ಲಿ ಯಾರೋ ಜಗಳ ಆಡಿದ್ರು, ಟೆಸ್ಟ್ ಆಯ್ತು. ನಮ್ ದಿಬ್ಬದ ಮೇಲೆ ಆಡು ಮೇಯಿಸೋರು ಬಿಟ್ರೆ ಯಾರೂ ಹತ್ತಲ್ಲ.

ಹಳೇ ಪೇಪರ್ ಓದೋನು:
ಈಗ ಹತ್ತೋ ಕಾಲ ಬರ್ತೈತೆ ಗುರು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದ್ದು ಇದಕ್ಕೇ ಅಲ್ವಾ: 13 ದಿಬ್ಬ, 1,003 ಎಕರೆ ಚಿಲ್ಲರೆ, 33 ಮಿಲಿಯನ್ ಟನ್ ಮಣ್ಣು, ಅಂದ್ರೆ ಮೂರು ಕೋಟಿ ಮೂವತ್ತು ಲಕ್ಷ ಟನ್. ಅದನ್ನ ಮತ್ತೆ ಸೋಸಿ ಉಳಿದ ಚಿನ್ನ ತೆಗಿಯೋಕೆ ಕೇಂದ್ರ ಹರಾಜು ಹಾಕ್ಲಿ ಅಂತ. ನಾನು ವಿರೋಧ ಅಲ್ಲ, ನಾಲ್ಕು ಜನಕ್ಕೆ ಕೆಲ್ಸ ಆಗ್ಲಿ, ಈ ಊರವ್ರು ಬೆಳಿಗ್ಗೆ ಮಾರಿಕುಪ್ಪಂ ಟ್ರೈನಲ್ಲಿ ಬೆಂಗಳೂರಿಗೆ ನಿಂತ್ಕೊಂಡು ಹೋಗೋದು ತಪ್ಪಲಿ. ಆದ್ರೆ ಟನ್ನಿಗೆ ಒಂದು ಗ್ರಾಂ ತೆಗೆದ್ಮೇಲೆ ಉಳಿಯೋದು ಎಷ್ಟು? ಹೆಚ್ಚೂ ಕಮ್ಮಿ ಅದೇ ಒಂದು ಟನ್ನೇ. ಗಟ್ಟಿಯಾಗಿ ಕೂತಿರೋ ಗುಡ್ಡನ ಅಗೆದು ಸಡಿಲ ಮಾಡಿದ್ರೆ ಆಷಾಢದಲ್ಲಿ ಯಾರ ಮನೆ ಕಿಟಕಿಗೆ ಬರ್ತದೆ? ಉಳಿದಿದ್ದನ್ನ ಇಟ್ಟಿಗೆ ಮಾಡ್ತೀರಾ, ಗಣಿ ಒಳಗೇ ವಾಪಸ್ ತುಂಬ್ತೀರಾ ಅಂತ ಹರಾಜಿನ ಷರತ್ತಲ್ಲೇ ಬರೆಸ್ಬೇಕು.

ಮಾರಿಕುಪ್ಪಂ ಲೋಕಲ್:
ಗಣಿ ಒಳಗೆ ತುಂಬೋದು ಅಂದ್ರೆ ನನಗಿಷ್ಟ, ಆ ಬಾವಿಗಳೂ ಮುಚ್ಚಿಹೋಗ್ಲಿ. 2020ರ ಮೇನಲ್ಲಿ ಕದಿಯೋಕೆ ಅಂತ ಗಣಿಗೆ ಇಳಿದು ಮೂರು ಜನ ಸತ್ರಲ್ಲ. ಕಳ್ಳರು ಅಂತ ಜನ ಬೈದು ಮರೆತ್ರು. ಕೆಲ್ಸ ಇದ್ದಿದ್ರೆ ಯಾರು ಇಳಿತಿದ್ರು ಆ ಕತ್ತಲಿಗೆ.

ವಿಜ್ಞಾನ ಮೇಷ್ಟ್ರು ಮುಳಬಾಗಿಲು:
ಅಕ್ಕ, ಎಚ್ಎಂಗೆ ಮಾತಲ್ಲಿ ಹೇಳಿದ್ರೆ ನಂಬಲ್ಲ, ಕಣ್ಣಿಗೆ ತೋರ್ಸಿ. ನಾನು ಹೈಸ್ಕೂಲ್ ಮಕ್ಕಳಿಗೆ ಮಾಡಿ ತೋರ್ಸಿರೋದು, ಮಣ್ಣು ಮುಟ್ಟಿದ್ದು ನಾನೊಬ್ಬನೇ, ಕೈಗೆ ಗ್ಲೌಸ್, ಮಣ್ಣು ಮೊದಲೇ ನೆನೆಸಿಟ್ಟಿದ್ದು. ಎರಡು ಬಿಸ್ಲೇರಿ ಬಾಟ್ಲು, ಒಂದರಲ್ಲಿ ಸ್ಕೂಲ್ ತೋಟದ ಕೆಮ್ಮಣ್ಣು, ಇನ್ನೊಂದರಲ್ಲಿ ದಿಬ್ಬದ ಮಣ್ಣು, ನೀರು ತುಂಬಿಸಿ ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡ್ಸಿ ಕಿಟಕಿ ಮೇಲಿಟ್ಟೆ. ಕೆಮ್ಮಣ್ಣು ಬಾಟ್ಲು ಊಟದ ಬೆಲ್ ಹೊಡೆಯೋಷ್ಟ್ರಲ್ಲಿ ತಿಳಿ ಆಯ್ತು. ದಿಬ್ಬದ್ದು ಮಾರನೇ ದಿನ ಬಂದ್ರೂ ನೀರು ಹಾಲಿನಂಗೇ ಇತ್ತು. ಒಬ್ಬ ಹುಡ್ಗ "ಸಾರ್, ನೀರಲ್ಲೇ ಇಷ್ಟೊತ್ತು ಕೆಳಗೆ ಕೂರಲ್ಲ ಅಂದ್ರೆ ಗಾಳೀಲಿ ಎಷ್ಟೊತ್ತು ಇರ್ತದೆ" ಅಂದ. ನಾನು ಪಾಠದಲ್ಲಿ ಹೇಳ್ಬೇಕು ಅಂತ ಇಟ್ಕೊಂಡಿದ್ದ ಮಾತು ಅವನೇ ಹೇಳ್ಬಿಟ್ಟ.

ಆಮೇಲೆ ಕೆಂಪು ದಾಸವಾಳ ಬಿಸಿನೀರಲ್ಲಿ ನೆನೆಸಿ ರಸ ತೆಗ್ದು, ಹಳದಿ ಹೆಪ್ಪು ನೆನೆಸಿದ ನೀರಿನ ತಿಳಿಗೆ ನಾಲ್ಕು ಹನಿ ಬಿಟ್ಟೆ, ಕಡು ಗುಲಾಬಿ ಆಯ್ತು, ನಿಂಬೆಹಣ್ಣಿಗೆ ಬರೋ ಬಣ್ಣನೇ. ತೋಟದ ಮಣ್ಣಿನ ನೀರು ಹಂಗೇ ಇತ್ತು. ಇದು ಲ್ಯಾಬ್ ರಿಪೋರ್ಟ್ ಅಲ್ಲ, ಆರ್ಸೆನಿಕ್ ಇದ್ಯೋ ಇಲ್ವೋ ದಾಸವಾಳ ಹೇಳಲ್ಲ. ಆದ್ರೆ ಮಣ್ಣು ಹುಳಿ ಐತೆ ಅನ್ನೋದು ಎಸ್‌ಡಿಎಂಸಿ ಮೀಟಿಂಗಲ್ಲಿ ಎಲ್ರಿಗೂ ಕಾಣ್ತದೆ.

ಸುಮ್ನಿರಪ್ಪ:
ಮೇಷ್ಟ್ರೇ ಇದು ಚೆನ್ನಾಗೈತೆ. ಬಾಟ್ಲು ನಾನೂ ಮಾಡ್ ನೋಡ್ತೀನಿ. ಜಾರಿದ್ದು ವಾಪಸ್ ತಗೋತೀನಿ ಅಂತಲ್ಲ, ಆದ್ರೂ ಸ್ಕೂಲಿಗೆ ಬೇಡ ಬಿಡಿ.

ಬೇತಮಂಗಲದಕ್ಕ:
ಆರು ದಿನ ಆದ್ಮೇಲೆ ಬರೀತಿದೀನಿ, ಎಲ್ರಿಗೂ ಥ್ಯಾಂಕ್ಸ್. ಟಾರ್ಪಾಲು ಹೊದಿಸಿದ್ವಿ, ಮಕ್ಕಳನ್ನ ಹಿಂದಿನ ಬಾಗಿಲಿಂದ ಬಿಡ್ತಿದ್ರು. ಸೋಮವಾರ ಮೀಟಿಂಗು. ಮೇಷ್ಟ್ರು ಹೇಳಿದಂಗೆ ಬಾಟ್ಲು ಮಾಡಿ ಟೇಬಲ್ ಮೇಲೆ ಇಟ್ಟೆ, ದಾಸವಾಳ ನಮ್ಮತ್ತೆ ಕಿತ್ತು ಕೊಟ್ರು. ಎಚ್ಎಂ ಕನ್ನಡಕ ತೆಗ್ದು ಬಾಟ್ಲು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದ್ರು, ಏನೂ ಮಾತಾಡ್ಲಿಲ್ಲ, ಲೆಟರ್‌ಹೆಡ್ ತರೋಕೆ ಹೇಳಿದ್ರು. ಪಂಚಾಯ್ತಿ ಪಿಡಿಒಗೆ, ಬಿಇಒಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೂರು ಅರ್ಜಿ, ಜೊತೆಗೆ ಮಣ್ಣು ಮತ್ತೆ ಬೋರಿನ ನೀರಿನ ಸ್ಯಾಂಪಲ್ಲು. ರಿಪೋರ್ಟ್ ಇನ್ನೂ ಬಂದಿಲ್ಲ.

ಕಂಟ್ರಾಕ್ಟರು ಮೊದ್ಲು ರೇಗಾಡ್ದ, ಫ್ರೀ ಕೊಟ್ರೂ ತಪ್ಪಾ ಅಂತ. ಅರ್ಜಿ ಝೆರಾಕ್ಸ್ ತೋರಿಸಿದ್ಮೇಲೆ ನಿನ್ನೆ ಸಂಜೆ ಟ್ರ್ಯಾಕ್ಟರ್ ತಂದು ತುಂಬ್ಕೊಂಡು ಹೋದ. ನೀರು ಚಿಮುಕಿಸಿ ತುಂಬು ಅಂದಿದ್ದಕ್ಕೆ ಮೊದಲನೇ ಲೋಡಿಗೆ ಮಾತ್ರ ಚಿಮುಕಿಸ್ದ. ಜಾರುಬಂಡೆ ಕೆಳಗೆ ಒಂದು ಅರ್ಧ ಲೋಡು ನೆಲಕ್ಕೆ ಅಂಟ್ಕೊಂಡು ಉಳಿದೈತೆ, ಅದನ್ನ ಒಂದು ಗೇಣು ಕೆರೆದು ತೆಗೆಸಿ ಕೆಮ್ಮಣ್ಣು ಹಾಕ್ಬೇಕು, ಆ ದುಡ್ಡು ಎಲ್ಲಿಂದ ಅಂತ ಗೊತ್ತಿಲ್ಲ.

ಗಾರೆ ಮೇಸ್ತ್ರಿ:
ಅಕ್ಕ ಕೆರೆಯೋಕೆ ನಾನು ಭಾನುವಾರ ಬರ್ತೀನಿ, ಜೊತೆಗೆ ಇಬ್ಬರು ಹುಡುಗ್ರನ್ನ ಕರ್ಕೊಂಡು. ಕೂಲಿ ಬೇಡ, ಊಟ ಹಾಕಿ. ಕೆಮ್ಮಣ್ಣು ನೀವು ನೋಡ್ಕೊಳ್ಳಿ.

ಕೆಮಿಸ್ಟ್ರಿ ಲೆಕ್ಚರರ್ ಬಂಗಾರಪೇಟೆ:
ಮೇಸ್ತ್ರಿಗಳೇ ಬಟ್ಟೆ ಕಟ್ಕೊಂಡು ಕೆಲಸ ಮಾಡಬೇಡಿ, ಅದು ತಡೆಯಲ್ಲ. ಎನ್95 ಮಾಸ್ಕ್ ಮೂರು ನಾನು ಕೊಡ್ತೀನಿ. ನೆಲ ನೆನೆಸಿ ಕೆರೀರಿ.

ಬಂಗಾರಪೇಟೆ ಹೊಸ ಮನೆ:
ಇವತ್ತು ಬೆಳಿಗ್ಗೆ ಪೂರ್ತಿ ಓದಿದೆ. ಒಂದು ಪ್ರಶ್ನೆ. ನಾವು ಮನೆ ಕಟ್ತಿದೀವಿ, ಪಾಯ ತುಂಬ್ಸೋಕೆ ಮಣ್ಣು ಬೇಕು ಅಂದಿದ್ದೆ. ನಿನ್ನೆ ರಾತ್ರಿ ಒಂಬತ್ತೂವರೆಗೆ ಎರಡು ಲೋಡು ಇಳಿಸಿ ಹೋಗವ್ರೆ, ತುಂಬಾ ಕಮ್ಮಿ ರೇಟು. ಬೆಳಕಲ್ಲಿ ನೋಡಿದ್ರೆ ಬೂದಿ ಬಣ್ಣ. ಒಂದು ಲೋಡು ಒದ್ದೆ ಐತೆ, ಇನ್ನೊಂದು ಒಣಗಿರೋದು.
ಅಕ್ಕಾ, ನಿಮ್ ಸ್ಕೂಲಿಂದ ತುಂಬ್ಕೊಂಡು ಹೋದ ಟ್ರ್ಯಾಕ್ಟರ್ ಯಾವ ಬಣ್ಣದ್ದು?